ಎಲ್ಲ ಬಾಣಗಳೂ ಬಲಕ್ಕೆ

ಹೊಸದಾಗಿ ಕೆಲಸಕ್ಕೆ ಸೇರಿದ ಇಬ್ಬರು ಟೀಚರುಗಳು ಮೊನ್ನೆ ಆಂಧ್ರದ ಗಡಿಯ ಆದೋನಿಯ ನಮ್ಮ ಮನೆಗೆ ಬಂದಿದ್ದರು. ಇಬ್ಬರೂ ಕನ್ನಡ ಮಾಧ್ಯಮದವರು. ಒಬ್ಬಾಕೆಗೆ ಆಲೂರಿನ ಹತ್ತಿರ ಊರು ಸಿಕ್ಕಿದೆ, ಇನ್ನೊಬ್ಬಾಕೆಗೆ ಆಸ್ಪರಿಯ ಕಡೆ. "ಸಣ್ಣ ಹುಡುಗರಿಗೆ ವಿಜ್ಞಾನ ಹೇಳೋದೇನು ಕಷ್ಟ ಮೇಡಂ? ನಾಕು ಶಬ್ದ, ನಾಕು ಚಿತ್ರ, ಮುಗೀತಲ್ಲ" ಎಂದಳು ಆಸ್ಪರಿಯವಳು. ನನ್ನ ಕೈಯಲ್ಲಿದ್ದ ಚಹದ ಲೋಟ ಕೆಳಗೆ ಬೀಳುವುದೊಂದು ಬಾಕಿ. ಆ ನಾಕು ಶಬ್ದಗಳ ಜೊತೆ ಕೆಲಸಕ್ಕೆ ಸೇರಿದ ದಿನದಿಂದ ನಿವೃತ್ತಿಯ ದಿನದವರೆಗೂ ಗುದ್ದಾಡಿದವಳು ನಾನು! ಅವತ್ತು ಆಕೆಗೆ ಹೇಳಿದ್ದನ್ನು, ಹೊತ್ತಾಯಿತೆಂದು ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಬಂತು, ಶಾಲು ಯಾರು ಹೊದಿಸಿದರು ಎನ್ನುವುದೆಲ್ಲ ಬೇಡ. ಶಾಲು ಪೆಟ್ಟಿಗೆಯಲ್ಲಿದೆ, ಅದರ ಪಾಡಿಗೆ ಅದು ಇರಲಿ.

ಮೊದಲ ಪಾಠದಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಮೊದಲ ತಪ್ಪೂ ಅಲ್ಲೇ ಆದದ್ದು. ಇಸ್ತ್ರಿ ಮಾಡಿದ ಸೀರೆ ಉಟ್ಟು, ಹಲಗೆಯ ಮೇಲೆ ದೊಡ್ಡ ಅಕ್ಷರದಲ್ಲಿ "ಪದಾರ್ಥದ ಮೂರು ಸ್ಥಿತಿಗಳು" ಎಂದು ಬರೆದೆ. "ಪದಾರ್ಥ ಅಂದ್ರೇನು, ಯಾರು ಹೇಳ್ತೀರಿ?" ಎಂದು ಕೇಳಿದೆ. ಇಡೀ ತರಗತಿ ಕೈ ಎತ್ತಿತು. ನನಗೆ ಹಿಗ್ಗೋ ಹಿಗ್ಗು.

"ಬ್ಯಾಳಿ ರೀ!"

"ಪುಂಡಿಪಲ್ಯ ರೀ!"

"ಶೇಂಗಾ ಚಟ್ನಿ ರೀ! ನಮ್ಮ ಅಕ್ಕನ ಮದಿವ್ಯಾಗ ಏಳು ಪದಾರ್ಥ ಮಾಡಿದ್ರು ರೀ, ಟೀಚರ್!"

ನನಗೆ ಸಿಟ್ಟು ನೆತ್ತಿಗೇರಿತು. "ಊಟದ ಸುದ್ದಿ ಸಾಕು, ಬಾಯಿ ಮುಚ್ರಿ" ಎಂದು ಗದರಿಸಿ, ಪುಸ್ತಕದಲ್ಲಿದ್ದ ವ್ಯಾಖ್ಯೆಯನ್ನು ಮೂರು ಸಲ ಬರೆಸಿದೆ. ಮಕ್ಕಳು ಸುಮ್ಮನಾದರು. ಆ ಮೌನವನ್ನೇ ಶಿಸ್ತು ಎಂದು ತಿಳಿದುಕೊಂಡಿದ್ದೆ. ಅವರು ಹೇಳಿದ್ದೆಲ್ಲ ಸರಿಯಾಗಿತ್ತು ಎನ್ನುವುದು ಹೊಳೆಯಲು ನನಗೆ ಒಂದು ವರ್ಷ ಬೇಕಾಯಿತು. ಬೇಳೆಕಾಳು ಘನ, ಬೇಳೆಸಾರು ದ್ರವ, ಸಾರಿನ ಮೇಲೆ ಏಳುವ ಹಬೆ ಮೂರನೆಯದು. ಪಾಠ ಅವರ ತಟ್ಟೆಯಲ್ಲಿತ್ತು, ನಾನು ತಟ್ಟೆಯನ್ನೇ ಕಿತ್ತುಕೊಂಡಿದ್ದೆ.

ಅಲ್ಲಿಂದ ನಾನೊಂದು ಪದ್ಧತಿ ಮಾಡಿಕೊಂಡೆ. ಪ್ರತಿ ಮಗುವಿನ ನೋಟುಪುಸ್ತಕದಲ್ಲಿ ಹಾಳೆಯ ನಡುವೆ ಒಂದು ಗೆರೆ. ಗೆರೆಯ ಈಚೆ ಮನೆ ಮಾತು, ಆಚೆ ಪುಸ್ತಕದ ಮಾತು. ಕೆಲಸವನ್ನು ಕೈಯಿಂದ ಮಾಡಬೇಕು, ಅದಕ್ಕೆ ಮನೆಯಲ್ಲಿ ಏನನ್ನುತ್ತಾರೋ ಹೇಳಬೇಕು, ಆಮೇಲೇ ನಾನು ಹಲಗೆಯ ಮೇಲೆ ಪುಸ್ತಕದ ಮಾತು ಬರೆಯುತ್ತಿದ್ದೆ. ಉದಾಹರಣೆಗೆ ಘರ್ಷಣೆ. ಸುಮ್ಮನೆ ಕೇಳಿದರೆ ಮಕ್ಕಳು, "ಎರಡು ಗುಂಪಿನವರು ಬಡಿದಾಡೋದು ರೀ, ಪೇಪರ್‍ನಾಗ ಬರ್ತೈತಿ" ಎನ್ನುತ್ತಿದ್ದರು. ಅಂಗೈಗೆ ಅಂಗೈ ತಿಕ್ಕಿಸಿ, ಬಿಸಿಯಾದ ಮೇಲೆ ಕೇಳಿದರೆ "ತಿಕ್ಕಾಟ" ಎನ್ನುತ್ತಿದ್ದರು. ಈಚೆ ತಿಕ್ಕಾಟ, ಆಚೆ ಘರ್ಷಣೆ. ಒಂದು ಸಲ ಹಾಗೆ ಬರೆದವರು ಮತ್ತೆ ಮರೆಯುತ್ತಿರಲಿಲ್ಲ.

ಎಲ್ಲವೂ ಇಷ್ಟು ಸಲೀಸಾಗಿ ಹೋಗುತ್ತಿತ್ತು ಎಂದುಕೊಳ್ಳಬೇಡಿ. ನಮ್ಮಲ್ಲಿ ಮಂಜುಗಡ್ಡೆಯೂ ಕರಗುತ್ತದೆ, ಸಕ್ಕರೆಯೂ ಕರಗುತ್ತದೆ, ಎರಡಕ್ಕೂ ಒಂದೇ ಮಾತು. "ಸಕ್ರಿ ಕರಗಿದ ಮ್ಯಾಲೆ ಅದೂ ನೀರಾ ಆತೇನ್ರಿ?" ಎಂದು ಒಬ್ಬಳು ಕೇಳಿದಾಗ, ಏನೋ ಗಡಿಬಿಡಿಯಲ್ಲಿ "ಹೂಂ" ಎಂದುಬಿಟ್ಟೆ. ಮೂರು ದಿನದ ಮೇಲೆ ಅವಳು ಒಂದು ತಟ್ಟೆ ತಂದು ನನ್ನ ಮೇಜಿನ ಮೇಲಿಟ್ಟಳು. ಸಕ್ಕರೆ ನೀರನ್ನು ಬಿಸಿಲಲ್ಲಿಟ್ಟು ಆರಿಸಿದ್ದಳು, ತಳದಲ್ಲಿ ಸಕ್ಕರೆ ಅಂಟಿಕೊಂಡಿತ್ತು, ಎರಡು ಇರುವೆ ಬೇರೆ ಬಂದಿದ್ದವು. "ಇರಿವಿಗೆ ಗೊತ್ತೈತ್ರಿ" ಎಂದಳು. ನಾನು ತರಗತಿಯ ಮುಂದೆಯೇ ತಪ್ಪು ಒಪ್ಪಿಕೊಂಡೆ. ಹೊಸಬರಿಗೆ ಹೇಳುತ್ತೇನೆ, ಒಪ್ಪಿಕೊಂಡರೆ ಮರ್ಯಾದೆ ಹೋಗುವುದಿಲ್ಲ, ಮಕ್ಕಳು ಇನ್ನೂ ಹತ್ತಿರ ಬಂದು ಕೂರುತ್ತಾರೆ. ಅಷ್ಟೇ ಅಲ್ಲ, ಆಮೇಲೆ ನಿಮ್ಮನ್ನು ಪರೀಕ್ಷಿಸುವ ಚಟ ಅವರಿಗೆ ಹತ್ತುತ್ತದೆ. ಹತ್ತಲಿ.

ಈಗ ತರಗತಿಯ ಗೋಡೆಗೆ ದೊಡ್ಡ ಟಿ.ವಿ. ಬಂದಿದೆ. ಗುಂಡಿ ಒತ್ತಿದರೆ ಬಣ್ಣಬಣ್ಣದ ಕಣಗಳು ಕುಣಿಯುತ್ತವೆ. ಒಳ್ಳೆಯದೇ, ನಾನೂ ಬಳಸಿದೆ. ಆದರೆ ಅದು "ಅನಿಲ" ಎಂದು ಹೇಳಿ ಮುಂದಕ್ಕೆ ಓಡುತ್ತದೆ, ಹಿಂದಿನ ಸಾಲಿನಲ್ಲಿ ಕೂತ ಮಗು "ಅನಿಲ ನಮ್ಮ ಮಾವ ರೀ, ಗುಂತಕಲ್ಲಿನಾಗ ಅದಾನ" ಎಂದದ್ದು ಅದಕ್ಕೆ ಕೇಳಿಸುವುದಿಲ್ಲ. ಕೇಳಿಸಿಕೊಳ್ಳುವುದಕ್ಕೇ ಅಲ್ಲವೇ ನಮ್ಮನ್ನು ನೇಮಿಸಿರುವುದು?

ಇನ್ನು ನಮ್ಮ ಹೆಡ್‌ಮಾಸ್ಟರ ವಿಷಯ. ನಾನಿದ್ದ ಆಸ್ಪರಿ ಕಡೆಯ ಶಾಲೆಯಲ್ಲಿ ತೆಲುಗು ಮಾಧ್ಯಮ, ಕನ್ನಡ ಮಾಧ್ಯಮ ಎರಡೂ ಒಂದೇ ಅಂಗಳದಲ್ಲಿದ್ದವು. ಕನ್ನಡಕ್ಕೆ ನಾನೊಬ್ಬಳೇ ಟೀಚರು, ಎಲ್ಲ ಪಾಠವೂ ನನ್ನದೇ. ಹೆಡ್‌ಮಾಸ್ಟರು ತೆಲುಗಿನವರು, ಬಲು ಒಳ್ಳೆಯವರು, ಫೈಲು ಕಂಡರೆ ಮಾತ್ರ ಬೆವರುತ್ತಿದ್ದರು. ನಾನು ರಜೆಯಲ್ಲಿದ್ದ ಒಂದು ದಿನ ಪಾಪ, ನನ್ನ ಮಕ್ಕಳಿಗೆ ತಾವೇ ಪಾಠ ಮಾಡಿದರು. ಗಾಳಿಯ ಒತ್ತಡದ ಪಾಠ. ತೆಲುಗಿನಲ್ಲಿ ಒತ್ತಡಕ್ಕೆ ಪೀಡನಂ ಎನ್ನುತ್ತಾರೆ. ಇವರು ಅದನ್ನೇ ಕನ್ನಡಕ್ಕೆ ತಿರುಗಿಸಿ, "ಗಾಳಿ ಪೀಡನ ನಮ್ಮೆಲ್ಲರ ಮೇಲೂ ಇದೆ, ತಲೆಯ ಮೇಲೆ ಇದೆ, ಎದೆಯ ಮೇಲೆ ಇದೆ, ನಮಗೆ ಗೊತ್ತಾಗುವುದಿಲ್ಲ ಅಷ್ಟೇ" ಎಂದಿದ್ದಾರೆ.

ಮರುದಿನ ಬೆಳಿಗ್ಗೆ ನಾನು ಬಸ್ಸಿಳಿದು ಬರುವಷ್ಟರಲ್ಲಿ ಶಾಲೆಯ ಬಾಗಿಲಲ್ಲಿ ತಾಯಂದಿರ ಗುಂಪು. ನಾಲ್ಕು ಮಕ್ಕಳ ಕೊರಳಲ್ಲಿ ಕರಿದಾರ. "ಟೀಚರಮ್ಮ, ಹುಡುಗ್ರಿಗೆಲ್ಲ ಗಾಳಿ ಪೀಡಿ ಹತ್ತೈತಂತ ಸಾರಾ ಹೇಳ್ಯಾರ. ಶಾಲಿ ಕಟ್ಟಿದ ಜಾಗಾನ ಸರಿ ಇಲ್ಲೇನ್ರಿ?" ನಕ್ಕು ನಕ್ಕು ನನಗೆ ಪಕ್ಕೆ ನೋವು ಬಂತು. ಹೆಡ್‌ಮಾಸ್ಟರು ಕೆನ್ನೆ ಬಡಿದುಕೊಂಡು, "ನಾಗರತ್ನಮ್ಮಾ, ನಾನು ಏನು ಹೇಳಿದೆ, ಇವರು ಏನು ಕೇಳಿದರು!" ಎಂದರು. ಆ ತಾಯಂದಿರನ್ನೇ ಒಳಗೆ ಕೂರಿಸಿ, ಲೋಟದ ತುಂಬ ನೀರು ತುಂಬಿ, ಮೇಲೆ ರಟ್ಟು ಮುಚ್ಚಿ ಬೋರಲು ಹಾಕಿ ತೋರಿಸಿದೆ. ನೀರು ಬೀಳಲಿಲ್ಲ. ಕೆಳಗಿನಿಂದ ಗಾಳಿ ಒತ್ತಿ ಹಿಡಿದಿದೆ, ಇದಕ್ಕೇ ಒತ್ತಡ ಎನ್ನುವುದು ಎಂದೆ. ದಾರ ಬಿಚ್ಚಲಿಲ್ಲ ಅವರು, ಇರಲಿ. ನೋಟುಪುಸ್ತಕದಲ್ಲಿ ಮಾತ್ರ ಅಂದಿನಿಂದ ಇನ್ನೊಂದು ಗೆರೆ ಬಿತ್ತು. ಮನೆ ಮಾತು, ಪುಸ್ತಕದ ಮಾತು, ತೆಲುಗು ಮಾತು.

ಇಷ್ಟೆಲ್ಲ ಕಲಿತವಳು ನಾನು. ಶಬ್ದದ ವಿಷಯದಲ್ಲಿ ನನ್ನನ್ನು ಯಾರೂ ಬೀಳಿಸಲಾರರು ಎಂದು ತಿರುಗುತ್ತಿದ್ದೆ. ಎರಡೇ ಅಕ್ಷರದ ಒಂದು ಶಬ್ದ ಬೀಳಿಸಿತು.

ಆ ವರ್ಷ ನಾಲ್ಕನೇ ತರಗತಿಗೆ ಹುಲಿಗೆಮ್ಮ ಎಂಬ ಹುಡುಗಿ ಬಂದಿದ್ದಳು. ತುಂಗಭದ್ರೆಯ ಆಚೆ, ಮಾಧವರಂ ದಾಟಿದರೆ ಕರ್ನಾಟಕ, ಅಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆದವಳು. ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ಕನ್ನಡದಲ್ಲಿ ಮಾತ್ರ ಅವಳನ್ನು ಮೀರಿಸುವವರು ತರಗತಿಯಲ್ಲಿ ಇರಲಿಲ್ಲ, ಉಳಿದ ಮಕ್ಕಳೆಲ್ಲ ಅವಳ ಹಾಳೆಯ ಕಡೆಗೇ ಕಣ್ಣು ಬಿಟ್ಟಿರುತ್ತಿದ್ದರು. ತಾಯಿ ಮಾರೆಮ್ಮ ಹತ್ತಿ ಬಿಡಿಸುವ ಕೆಲಸಕ್ಕೆ ಹೋಗುವವಳು.

ಒಂದು ದಿನ ಮಂಡಲದ ವಿದ್ಯಾಧಿಕಾರಿ ತಪಾಸಣೆಗೆ ಬಂದರು. ತೆಲುಗಿನವರು, ಗಡುಸು ಮನುಷ್ಯ. ನಾಲ್ಕು ಚಿತ್ರಗಳಿದ್ದ ಪ್ರಶ್ನೆಪತ್ರಿಕೆ ಹಂಚಿಸಿದರು. ಎಡಕ್ಕೆ ಗಾಡಿ ತಳ್ಳುವ ಮನುಷ್ಯ, ಬಾವಿಯಿಂದ ಕೊಡ ಮೇಲೆಳೆಯುವ ಹೆಂಗಸು, ಗಿಡದಿಂದ ಬೀಳುವ ಹಣ್ಣು, ಬಲಕ್ಕೆ ನೇಗಿಲು ಎಳೆಯುವ ಎತ್ತು. ಕೆಳಗೆ ಕನ್ನಡದಲ್ಲಿ ಒಂದೇ ಸಾಲು: "ಬಲದ ದಿಕ್ಕನ್ನು ಬಾಣದ ಗುರುತಿನಿಂದ ತೋರಿಸಿರಿ."

ಹಾಳೆಗಳು ಬಂದವು. ಗಾಡಿಗೆ ಬಾಣ ಬಲಕ್ಕೆ. ಕೊಡಕ್ಕೆ ಬಲಕ್ಕೆ. ಕೆಳಗೆ ಬೀಳುವ ಹಣ್ಣಿಗೂ ಬಲಕ್ಕೆ! ಒಂದು ಹಾಳೆಯಲ್ಲ, ಅಷ್ಟೂ ಹಾಳೆಗಳಲ್ಲಿ ಎಲ್ಲ ಬಾಣಗಳೂ ಬಲಕ್ಕೇ. ಎತ್ತಿನ ಚಿತ್ರವೊಂದೇ ಸರಿ, ಅದೂ ಎತ್ತಿನ ಪುಣ್ಯದಿಂದ.

ಅಧಿಕಾರಿ ಹಾಳೆಗಳನ್ನು ಮೇಜಿನ ಮೇಲೆ ಬಡಿದರು. ಇಷ್ಟು ಮಂದಿಗೂ ಒಂದೇ ತಪ್ಪು ಎಂದರೆ ಕಲಿಸಿದವರದೇ ತಪ್ಪು ಎಂದರು. ಈ ಕನ್ನಡ ವಿಭಾಗ ಇಟ್ಟುಕೊಂಡು ಪ್ರಯೋಜನವಿಲ್ಲ, ಬರುವ ಜೂನಿನಿಂದ ಮುಚ್ಚಿ ತೆಲುಗಿಗೆ ಸೇರಿಸಲು ಬರೆಯುತ್ತೇನೆ, ತೆಲುಗು ಬಾರದ ಮಕ್ಕಳನ್ನು ಕೆಳಗಿನ ತರಗತಿಗೆ ಇಳಿಸಬೇಕಾಗುತ್ತದೆ ಎಂದರು. ತೆಲುಗು ಓದಲು ಬಾರದವಳು ಯಾರು? ಹುಲಿಗೆಮ್ಮ. ಐದಕ್ಕೆ ಹೋಗಬೇಕಾದವಳು ಎರಡನೇ ತರಗತಿಯ ಮಕ್ಕಳ ನಡುವೆ ಕೂರಬೇಕು.

ಅವರು ಹೆಡ್‌ಮಾಸ್ಟರ ಕೋಣೆಗೆ ಚಹಕ್ಕೆ ಹೋದರು. ನನಗೆ ಸಿಟ್ಟು ಬಂದಿತ್ತು, ಅಧಿಕಾರಿಯ ಮೇಲಲ್ಲ, ಮಕ್ಕಳ ಮೇಲೆ. ಹುಲಿಗೆಮ್ಮನನ್ನು ಕರೆದೆ.

"ಹಣ್ಣು ಗಿಡದಿಂದ ಯಾ ಕಡಿಗೆ ಬೀಳ್ತೈತಿ?"

"ಕೆಳಗ ರೀ."

"ಮತ್ತ ಬಾಣ ಯಾಕ ಈ ಕಡಿ ಹಾಕಿದಿ? ಕಣ್ಣು ಎಲ್ಲಿಟ್ಟಿದ್ದಿ?"

ಹುಡುಗಿ ಅಳಲಿಲ್ಲ. ಬಲಗೈ ಮೇಲೆತ್ತಿ ತೋರಿಸಿದಳು. "ಬಲ ಅಂದ್ರ ಇದಾ ಅಲ್ಲೇನ್ರಿ, ಟೀಚರ್? ಬಲದ ದಿಕ್ಕು ತೋರಸ್ರಿ ಅಂತ ಕೇಳ್ಯಾರ, ಬಲಕ್ಕ ತೋರ್ಸೀನಿ. ಚಿತ್ರ ಯಾಕ ಕೊಟ್ಟಾರಂತ ನನಗೂ ತಿಳೀಲಿಲ್ರಿ."

ಬಲ! ಎಡ ಬಲದ ಬಲ! ಪ್ರಶ್ನೆಯಲ್ಲಿ ಬರೆದದ್ದನ್ನು ಅಕ್ಷರಶಃ ಪಾಲಿಸಿದ್ದಳು ಹುಡುಗಿ. ತಪ್ಪು ನನ್ನದೇ. ಘರ್ಷಣೆ, ಒತ್ತಡ ಎಂದೆಲ್ಲ ದೊಡ್ಡ ಶಬ್ದಗಳಿಗೆ ಗೆರೆ ಎಳೆಸಿದವಳು, ಬಲ ಯಾರಿಗೆ ಗೊತ್ತಿಲ್ಲ ಎಂದು ಹಾರಿಸಿಬಿಟ್ಟಿದ್ದೆ. ನೋಟುಪುಸ್ತಕ ತೆಗೆಸಿ ನೋಡಿದರೆ ಆ ಶಬ್ದವೇ ಇರಲಿಲ್ಲ.

ಹೆಡ್‌ಮಾಸ್ಟರ ಕೋಣೆಗೆ ಹೋದೆ. ಅವರು ಕಣ್ಣಲ್ಲೇ ಬೇಡ ಬೇಡ ಎಂದು ಸನ್ನೆ ಮಾಡಿದರು. ನಾನು ಲೆಕ್ಕಿಸಲಿಲ್ಲ, ವಿಷಯ ಹೇಳಿದೆ. ಅಧಿಕಾರಿಗೆ ಅದು ಕುಂಟುನೆಪದಂತೆ ಕೇಳಿಸಿತು. "ಬಲಂ ಅಂಟೇ ಬಲಮೇ ಕದಮ್ಮಾ" ಎಂದರು. ಬಲ ಎಂದರೆ ಬಲವೇ ತಾನೇ, ಅದರಲ್ಲೇನಿದೆ ಎಂದು. ತೆಲುಗಿನಲ್ಲಿ ಬಲಗಡೆಗೆ ಕುಡಿ ಎನ್ನುತ್ತಾರೆ, ಹಾಗಾಗಿ ಅವರಿಗೆ ಈ ಗೊಂದಲ ಹೊಳೆಯುವಂತೆಯೇ ಇರಲಿಲ್ಲ. ನಾನೂ ಜಿದ್ದು ಬಿಡಲಿಲ್ಲ. ಕೊನೆಗೆ ಅವರು ಎದ್ದು, "ಒಂದು ತಿಂಗಳು ಬಿಟ್ಟು ಬರ್ತೀನಿ. ಆಗಲೂ ಹೀಗೇ ಇದ್ದರೆ ಬರೆಯುವುದು ಬರೆಯುವುದೇ" ಎಂದು ಜೀಪು ಹತ್ತಿದರು.

ಸಂಜೆ ಬಸ್ಸಿಗೆ ನಿಂತಿದ್ದಾಗ ಮಾರೆಮ್ಮ ಬಂದಳು. ಸೆರಗಿಗೆಲ್ಲ ಹತ್ತಿ ಅಂಟಿತ್ತು. ಊರಲ್ಲಿ ಸುದ್ದಿ ಹಬ್ಬಿತ್ತು. "ಟೀಚರಮ್ಮ, ಖರೇ ಹೇಳ್ರಿ. ನನ್ನ ಮಗಳು ದಡ್ಡಿ ಏನ್ರಿ? ಎರಡನೇ ಕಿಲಾಸಿಗೆ ಇಳಸ್ತಾರಂತ. ಹಂಗಾದ್ರ ಆಕಿ ಶಾಲಿಗೇ ಹೋಗಂಗಿಲ್ಲ ಅಂತ ಕುಂತಾಳ."

"ದಡ್ಡಿ ಆಕಿ ಅಲ್ಲ ಮಾರೆಮ್ಮ, ನಾನು" ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಬಸ್ಸು ಬಂತು. ಆದೋನಿಯವರೆಗೂ ಆ ಮಾತು ನನ್ನನ್ನು ಚುಚ್ಚುತ್ತಲೇ ಇತ್ತು.

ಮರುದಿನ ಪುಸ್ತಕ ಮುಟ್ಟಲಿಲ್ಲ. ಶಾಲೆಯ ಕಬ್ಬಿಣದ ಬೀರುವನ್ನು ಮಕ್ಕಳಿಂದ ಜರುಗಿಸಿದೆ. ದಬ್ಬಿದರು, ಜಗ್ಗಿದರು, ಉಸಿರು ಕಟ್ಟಿದರು. "ಏನು ಹಾಕಿದಿರಿ ಅದಕ್ಕ?" ಎಂದು ಕೇಳಿದೆ. "ಕಸುವು ಹಾಕಿದ್ವಿ ರೀ!" ಎಂದು ಒಕ್ಕೊರಲಿನಿಂದ ಕೂಗಿದರು. ಸಿಕ್ಕಿತು ನೋಡಿ ಮನೆ ಮಾತು. "ನಿಮ್ಮ ಕಸುವು ಯಾ ಕಡಿಗೆ ಹೋತು?" ಎಂದರೆ, ಬೀರು ಹೋದ ಕಡೆಗೆ ಎಲ್ಲ ಬೆರಳುಗಳೂ ಚಾಚಿದವು. ಗೆರೆಯ ಈಚೆ ಕಸುವು, ಆಚೆ ಬಲ, ಅದರಾಚೆ ಬಲಂ. ಕೆಳಗೆ ಇನ್ನೊಂದು ಸಾಲು: ಈಚೆ ಬಲಕ್ಕ, ಆಚೆ ಬಲಗಡೆ, ಅದರಾಚೆ ಕುಡಿ. "ಕುಡಿ" ಎಂದು ಬರೆದಾಗ ತರಗತಿಯಲ್ಲಿ ನಗೆ. ಹುಲಿಗೆಮ್ಮ ಅವತ್ತು ಜ್ವರವೆಂದು ಬಂದಿರಲಿಲ್ಲ. ಮುಂದೆ ಬಂದಾಗ ಅವಳಿಗೆ ಕಸುವಿನ ಪಾಠವನ್ನು ಮತ್ತೆ ಮಾಡಿಸಿದೆ, ಬಾಣ ಹಾಕಿಸಿದೆ. ಕುಡಿ ಹೇಳಿಕೊಡುವುದು ಮಾತ್ರ ನನ್ನ ಮರೆವಿನಿಂದ ಉಳಿದುಹೋಯಿತು.

ತಿಂಗಳಿಗೆ ಸರಿಯಾಗಿ ಜೀಪು ಬಂತು. ಅಧಿಕಾರಿ ನೇರ ತರಗತಿಗೆ ಬಂದು, ಎಡ ಬಲ ಗೊತ್ತಿದೆಯೋ ಇಲ್ಲವೋ ನೋಡೋಣ ಎಂದು ಮುಂದಿನ ಸಾಲಿನ ಹುಲಿಗೆಮ್ಮನನ್ನೇ ನಿಲ್ಲಿಸಿದರು. "ಕುಡಿ ಚೆಯ್ಯಿ ಎತ್ತಮ್ಮಾ" ಎಂದರು. ಬಲಗೈ ಎತ್ತು ಎಂದು.

ಹುಡುಗಿ ಒಮ್ಮೆ ಅವರನ್ನು ನೋಡಿದಳು, ಒಮ್ಮೆ ನನ್ನನ್ನು. ಆಮೇಲೆ ಬಗ್ಗಿ ತನ್ನ ನೀರಿನ ಬಾಟಲಿ ತೆಗೆದು, ಮುಚ್ಚಳ ಬಿಚ್ಚಿ, ತುಟಿಗೆ ತಾಗಿಸದೆ ಎತ್ತಿ ಗಟಗಟನೆ ಕುಡಿದಳು. ಕುಡಿ, ಎತ್ತು: ದೊಡ್ಡವರು ಹೇಳಿದ್ದಾರೆ, ಎತ್ತಿ ಕುಡಿದಳು!

ತರಗತಿ ಬಿದ್ದು ಬಿದ್ದು ನಕ್ಕಿತು. ಮುಗಿಯಿತು ಎಂದುಕೊಂಡೆ. ಅಧಿಕಾರಿಯ ಹುಬ್ಬು ಗಂಟಿಕ್ಕಿತ್ತು. "ಸಾರ್, ಕನ್ನಡದಲ್ಲಿ ಕುಡಿ ಅಂದರೆ ತಾಗು" ಎಂದು ಹೆಡ್‌ಮಾಸ್ಟರು ತೆಲುಗಿನಲ್ಲಿ ವಿವರಿಸಿದರು; ತೆಲುಗಿನ ತಾಗು ಎಂದರೆ ನಮ್ಮ ನೀರು ಕುಡಿಯುವ ಕುಡಿ. ಫೈಲು ಕಂಡರೆ ಬೆವರುವ ಮನುಷ್ಯ, ಅವತ್ತು ಎಲ್ಲಿಂದ ಧೈರ್ಯ ಬಂತೋ! "ನಿಮ್ಮ ಕುಡಿ ಇವರಿಗೆ ಹೇಗೋ, ಆ ಪ್ರಶ್ನೆಯ ಬಲ ಇವರಿಗೆ ಹಾಗೆ ಸಾರ್" ಎಂದು ನಾನು ಸೇರಿಸಿದೆ. ಅಧಿಕಾರಿ ನಗಲಿಲ್ಲ. ಚೀಲದಿಂದ ಹಾಳೆ ತೆಗೆದು ಅವಳಿಗೊಬ್ಬಳಿಗೇ ಕೊಟ್ಟರು. ಅದೇ ನಾಲ್ಕು ಚಿತ್ರಗಳು.

ಹುಲಿಗೆಮ್ಮ ಬಾಯಿ ಒರೆಸಿಕೊಂಡು ಬರೆಯಲು ಕೂತಳು. ಹಣ್ಣಿಗೆ ಬಾಣ ಕೆಳಗೆ, ಕೊಡಕ್ಕೆ ಮೇಲೆ, ಎತ್ತಿಗೆ ಬಲಕ್ಕೆ. ಗಾಡಿಯ ಚಿತ್ರಕ್ಕೆ ಎಡಕ್ಕೆ ಉದ್ದನೆಯ ಬಾಣ ಎಳೆದು, ಅದರ ಪಕ್ಕದಲ್ಲಿ ತನ್ನ ಮನೆ ಮಾತಿನಲ್ಲೇ ಬರೆದಳು: "ಬಲ ಎಡಕ್ಕ ಐತಿ."

ಪಕ್ಕದವಳು ಅದನ್ನು ಓದಿ ಕಿಸಕ್ಕೆಂದಳು. ಬಲ ಎಡಕ್ಕಿದೆಯಂತೆ! ನಗೆ ಸಾಲಿನಿಂದ ಸಾಲಿಗೆ ಹರಿಯಿತು. ಅಧಿಕಾರಿ ಹಾಳೆ ಎತ್ತಿಕೊಂಡು, ಹೆಚ್ಚುಕಡಿಮೆ ತಮ್ಮ ಲಿಪಿಯಂತೆಯೇ ಇರುವ ಆ ಅಕ್ಷರಗಳನ್ನು ಕೂಡಿಸಿ ಓದಿದರು. "ಬಲ... ಎಡ..." ತೆಲುಗಿನಲ್ಲೂ ಎಡಗಡೆಗೆ ಎಡಮ ಎಂದೇ ಅನ್ನುತ್ತಾರೆ. "ಕರೆಕ್ಟೇ ಕದಾ! ಎಂದುಕು ನವ್ವುತಾರು?" ಸರಿಯಾಗಿಯೇ ಇದೆಯಲ್ಲ, ಯಾಕೆ ನಗುತ್ತೀರಿ ಎಂದರು.

ನಾನು ಬಾಯಿ ತೆರೆಯುವುದರೊಳಗೆ ಹುಲಿಗೆಮ್ಮ ಎದ್ದು ನಿಂತಿದ್ದಳು. ಬಲಗೈ ಎತ್ತಿದಳು. "ಸಾರ್, ಇದಿ ಬಲ." ಆಮೇಲೆ ನನ್ನ ಮೇಜಿಗೆ ಎರಡೂ ಕೈ ಕೊಟ್ಟು ಎಡಕ್ಕೆ ದಬ್ಬಿದಳು. ಮೇಜು ಕಿರ್ರೆಂದು ಜರುಗಿತು. "ಇದೀ ಬಲ." ಇದು ಬಲ, ಇದೂ ಬಲ ಎಂದು; ಅವಳು ಆಡಿದ ಮೊದಲ ತೆಲುಗು ಅದು.

ಆಗ ನಕ್ಕರು ಅಧಿಕಾರಿ. ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಳೆಯ ಮೇಲೆ ದೊಡ್ಡದಾಗಿ ಸರಿ ಗುರುತು ಹಾಕಿ, ಕನ್ನಡ ವಿಭಾಗ ಮುಂದುವರಿಯಲಿ ಎಂದು ತಪಾಸಣೆಯ ಪುಸ್ತಕದಲ್ಲಿ ಅಲ್ಲೇ ನಿಂತು ಬರೆದರು. ಹೆಡ್‌ಮಾಸ್ಟರು ಆ ಪುಟವನ್ನು ಎರಡು ಸಲ ಓದಿ, ಬೆವರು ಒರೆಸಿಕೊಂಡರು.

ಅವತ್ತು ಸಂಜೆ ಬಸ್ಸನ್ನು ಬಿಟ್ಟು ಹುಲಿಗೆಮ್ಮನ ಜೊತೆ ಅವಳ ಮನೆಗೆ ಹೋದೆ. ಮಾರೆಮ್ಮ ಆಗಷ್ಟೇ ಹೊಲದಿಂದ ಬಂದಿದ್ದಳು. "ಐದನೇ ಕಿಲಾಸಿಗೆ ಹೋಗ್ತಾಳ ನಿನ್ನ ಮಗಳು, ಕನ್ನಡದಾಗ" ಎಂದೆ. ಅವಳು ಹಾಳೆಯನ್ನು ಕೈಗೆ ತೆಗೆದುಕೊಂಡಳು. ಓದಲು ಬಾರದು. "ಏನು ಬರದೀ?" ಎಂದು ಮಗಳನ್ನು ಕೇಳಿದಳು.

"ಬಲ ಎಡಕ್ಕ ಐತಿ ಅಂತ, ಯವ್ವಾ."

"ಹುಚ್ಚಿ, ಬಲ ಎಡಕ್ಕ ಹೆಂಗ ಇರ್ತೈತಿ?" ಮಾರೆಮ್ಮ ಗಾಬರಿಯಿಂದ ನನ್ನ ಮುಖ ನೋಡಿದಳು. ಇಳಿಸುವ ಮಾತು ಮತ್ತೆ ಬಂತೇನೋ ಎಂಬ ಹೆದರಿಕೆ ಆ ಕಣ್ಣಲ್ಲಿ.

ನಾನು ವಿವರಿಸಲು ಹೊರಟೆ. ಹುಲಿಗೆಮ್ಮ ನನ್ನನ್ನು ಕೈ ಅಡ್ಡ ಇಟ್ಟು ತಡೆದಳು. ಮಲಗುವ ಹಗ್ಗದ ಹೊರಸಿನ ಹತ್ತಿರ ತಾಯಿಯನ್ನು ನಿಲ್ಲಿಸಿ, ಆಕೆಯ ಎರಡೂ ಕೈಗಳನ್ನು ಅದರ ಮೇಲಿಟ್ಟು, "ದಬ್ಬು, ಯವ್ವಾ. ಎಡಕ್ಕ ದಬ್ಬು" ಎಂದಳು. ಮಾರೆಮ್ಮ ದಬ್ಬಿದಳು. ಹೊರಸು ಗೋಡೆಯವರೆಗೆ ಹೋಯಿತು.

"ಏನು ಹಾಕಿದಿ ಈಗ?"

"ಕಸುವು ಹಾಕಿದೆ."

"ಯಾ ಕಡಿ ಹೋತು?"

ಮಾರೆಮ್ಮ ತನ್ನ ಕೈಗಳನ್ನು ನೋಡಿಕೊಂಡಳು, ಹೊರಸನ್ನು ನೋಡಿದಳು. ಮೆಲ್ಲಗೆ ಅವಳ ಮುಖ ಅರಳಿತು. "ಟೀಚರಮ್ಮ," ಎಂದಳು, "ಈಕಿ ನಿಮಗಿಂತ ಚೊಲೊ ಹೇಳ್ತಾಳಲ್ರೀ!"

ನಾನು ಹೌದು ಎಂದೆ.